ಬಾವಿಯ ಮೆಟ್ಟಿಲು ಎಣಿಸುತ್ತಿದ್ದ ಆಯಿ

ಆಯಿಯ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಆಡಿನ ಮರಿಯೊಂದು ಬೆಂಡೋಲೆಗೆ ಬಾಯಿ ಹಾಕಿ ಎಳೆದದ್ದಂತೆ. ಆಮೇಲೆ ಅವಳು ಎಡಗಿವಿಗೆ ಒಂದೇ ಬೆಂಡೋಲೆ ಹಾಕಿ, ಇನ್ನೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿರುಗುತ್ತಿದ್ದಳು. ಆ ಮರಿಗೆ ಬೈದೆಯಾ ಎಂದು ಕೇಳಿದರೆ, ಅದಕ್ಕೇನು ತಿಳಿಯುತ್ತದೆ ಎಂದು ನಕ್ಕುಬಿಡುತ್ತಿದ್ದಳು.

ಎಪ್ಪತ್ತರ ದಶಕದ ಮಾತು. ಮುದ್ದೇಬಿಹಾಳದ ಕಡೆ ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಒಂದು ಗಣಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಆಯಿ ಆ ಊರಲ್ಲಿ ಆಡು ಕಾಯುತ್ತಿದ್ದ ಮುದುಕಿ, ಎಲ್ಲರಿಗೂ ಆಯಿ. ಹೆಂಡತಿ ಮಕ್ಕಳು ಹೂವಿನ ಹಿಪ್ಪರಗಿಯಲ್ಲಿದ್ದರು. ಗಣಿಯಲ್ಲಿ ಜಿನುಗುವ ನೀರನ್ನು ಪಂಪು ಹಚ್ಚಿ ಹಳ್ಳಕ್ಕೆ ಬಿಡುತ್ತಿದ್ದೆವು. ಅದರಿಂದ ಊರ ಬಾವಿ ಇಳಿಯುತ್ತದೆಯೇ ಎಂದು ವಾರಕ್ಕೊಮ್ಮೆ ಹಗ್ಗ ಬಿಟ್ಟು ಅಳೆದು ಬರೆಯಬೇಕೆಂಬುದು ಸರ್ಕಾರದ ಷರತ್ತು. ನಾಲ್ಕು ವಾರ ಹೋದೆ. ಬಿಸಿಲು ಏರಿದ ಮೇಲೆ ಕುರ್ಚಿಯಲ್ಲೇ ಕುಳಿತು, ಹಿಂದಿನ ಅಂಕಿಯನ್ನೇ ಬೆರಳೆರಡು ಹೆಚ್ಚುಕಮ್ಮಿ ಮಾಡಿ ಬರೆಯತೊಡಗಿದೆ.

ಪರವಾನಿಗೆ ಮುಂದುವರಿಸುವ ಮೊದಲು ಪರಿಶೀಲನೆಗೆಂದು ಜಿಲ್ಲೆಯಿಂದ ಅಧಿಕಾರಿಯೊಬ್ಬರು ಬಂದರು. ಬಾವಿಯ ಬಳಿ ನಿಂತು ನನ್ನ ಅಳತೆಯ ಪುಸ್ತಕ ತಿರುವಿ, ಪ್ರತಿವಾರ ನೀನೇ ಅಳೆಯುತ್ತೀಯಾ ಎಂದು ಕೇಳಿದರು. ಹೌದು ಎಂದೆ. ಆಡುಗಳಿಗೆ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದ ಆಯಿ, ಕೊಡ ಇಳಿಸದೆಯೇ ಹೇಳಿದಳು:

“ಸಾಹೇಬ್ರ, ಈ ತಮ್ಮ ಯುಗಾದಿ ಆದಮ್ಯಾಲೆ ಇಲ್ಲಿ ಬಂದೇ ಇಲ್ರಿ. ಆವಾಗ ನೀರಾಗ ಮುಳುಗಿದ್ದ ಮೆಟ್ಲು ಈಗ ಒಂಬತ್ತು ಬಯಲಾಗ್ಯಾವ. ನಾ ದಿನಾ ಎಣಸ್ತೇನಿ.”

ಅಧಿಕಾರಿ ಕೆಳಗಿಳಿದು, ಮೆಟ್ಟಿಲ ಮೇಲೆ ಒಣಗಿದ್ದ ಪಾಚಿಯನ್ನು ಉಗುರಿನಿಂದ ಕೆರೆದು ನೋಡಿದರು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಗಣಿ ಮುಚ್ಚಿಸಬೇಕಾಗುತ್ತದೆ ಎಂದು ಅವರು ಅಂದಾಗ ಸುತ್ತ ನಿಂತ ಕೂಲಿಯವರ ಮುಖ ಬಾಡಿತು. ಆಗಲೂ ಮಾತಾಡಿದವಳು ಆಯಿಯೇ.

“ಮುಚ್ಚಬ್ಯಾಡ್ರಿ. ಊರ ಮಂದಿ ಇದರ ಮ್ಯಾಲೇ ಉಣ್ತಾರ. ಆ ನೀರು ಹಳ್ಳಕ್ಕ ಬಿಡೂ ಬದಲಿ, ಬಾವಿ ಮ್ಯಾಲಿನ ಹಳೇ ತಗ್ಗಿಗೆ ಹೊಳ್ಳಸ್ರಿ. ನೆಲ ಕುಡದು ಬಾವಿಗೆ ಕೊಡತೈತಿ.”

ಅಧಿಕಾರಿ ಒಂದು ವರ್ಷ ಗಡುವು ಕೊಟ್ಟರು. ನೀರು ತಿರುಗಿಸಬೇಕು, ಗಣಿಯಿಂದ ತೆಗೆದು ಸುರಿದ ಕಲ್ಲುಚೂರಿನ ದಿಬ್ಬದ ಮೇಲೆ ಹಸಿರು ಬೆಳೆಸಬೇಕು, ಅಳತೆಯನ್ನು ನಾನೇ ಬರೆಯಬೇಕು, ಆಯಿ ಸಾಕ್ಷಿ ನಿಲ್ಲಬೇಕು. ನನಗೆ ಸಿಕ್ಕ ಶಿಕ್ಷೆ ಅಷ್ಟೇ.

ಮರುದಿನ ಆಯಿ ನನ್ನ ಕೋಣೆಯ ಬಾಗಿಲಿಗೇ ಬಂದಳು. “ಸಿಟ್ಟಾಗೀಯೇನೋ ತಮ್ಮಾ? ನಿನ್ನ ಮ್ಯಾಲೆ ಹೇಳಿಲ್ಲ, ನೀರಿನ ಪರವಾಗಿ ಹೇಳೇನಿ. ಸೋಮವಾರ ಹಗ್ಗ ತಗೊಂಡು ಬಾವಿಗೆ ಬಾ,” ಎಂದು ಹೇಳಿ ಹೊರಟುಹೋದಳು.

ಸೋಮವಾರ ಹೋದೆ. ಮುಂದಿನ ಸೋಮವಾರವೂ.

ದಿಬ್ಬದ ಮೇಲೆ ನೆಟ್ಟ ಸಸಿಗಳು ತಿಂಗಳೊಪ್ಪತ್ತಿನಲ್ಲಿ ಸುಟ್ಟುಹೋದವು. ಆಯಿ ನೋಡಿ, ಬರಿಗಲ್ಲಿಗೆ ಮೊದಲು ಗೊಬ್ಬರ ಉಣಿಸಬೇಕು ಎಂದಳು. ಉಳಿದ ಬೇಸಿಗೆಯಿಡೀ ತನ್ನ ಆಡುಗಳಿಗೆ ಜಾಲಿಕಾಯಿ ತಿನ್ನಿಸಿ ಆ ದಿಬ್ಬದ ಮೇಲೇ ಬೇಲಿಕಟ್ಟಿ ದಡ್ಡಿ ಹಾಕಿ ರಾತ್ರಿ ಮಲಗಿಸಿದಳು. ಹಿಕ್ಕೆಯೊಂದಿಗೆ ಬೀಜವೂ ಬಿತ್ತು. ಮಳೆ ಬಿದ್ದದ್ದೇ ಕಲ್ಲುಚೂರಿನ ಸಂದಿಸಂದಿಯಲ್ಲಿ ಜಾಲಿ ಮೊಳೆಯಿತು. ಆಮೇಲೆ ಸುತ್ತಲೂ ಮುಳ್ಳು ಹಚ್ಚಿ, ತನ್ನ ಆಡುಗಳನ್ನೇ ಒಳಗೆ ಬಿಡದಂತೆ ಕೋಲು ಹಿಡಿದು ಕಾದಳು. ಅವುಗಳನ್ನು ಎರಡು ಮೈಲಿ ಆಚೆ ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದಳು.

ವರ್ಷ ತುಂಬಿ ಅಧಿಕಾರಿ ಬಂದಾಗ ಬಾವಿಯ ಆರು ಮೆಟ್ಟಿಲು ಮತ್ತೆ ಮುಳುಗಿದ್ದವು. ದಿಬ್ಬ ಮೊಣಕಾಲೆತ್ತರ ಹಸಿರಾಗಿತ್ತು. ಗಣಿ ಉಳಿಯಿತು. ನನ್ನ ಪುಸ್ತಕವನ್ನು ಅವರು ಈ ಸಲ ನಿಧಾನವಾಗಿ ಓದಿದರು. ಕೆಲವು ತಿಂಗಳ ನಂತರ ಬಾವಿಗಳನ್ನು ಅಳೆಯುವ ಸರ್ಕಾರಿ ಕೆಲಸಕ್ಕೆ ನನ್ನ ಹೆಸರು ಸೂಚಿಸಿದವರೂ ಅವರೇ. ಇಂಡಿ, ಸಿಂದಗಿ ತಾಲೂಕುಗಳ ನೂರಾರು ಬಾವಿಗಳಿಗೆ ಹಗ್ಗ ಬಿಟ್ಟೆ. ಕಣ್ಣಾರೆ ಕಾಣದ ಅಂಕಿಯನ್ನು ಮತ್ತೆಂದೂ ಬರೆಯಲಿಲ್ಲ.

ಆಯಿ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಾಲ್ಕು ದಿನ ತಡವಾಗಿ, ತಾಂಬಾದ ಹೊಲದ ಬಾವಿಯೊಂದರ ಹತ್ತಿರ. ಆ ಊರಿನ ಕಡೆಯಿಂದ ಬಂದವರೊಬ್ಬರು ಸೈಕಲ್ ನಿಲ್ಲಿಸಿ ಹೇಳಿದರು. ಹಗ್ಗ ಅರ್ಧ ಇಳಿದಿತ್ತು. ನೀರು ತಾಕುವವರೆಗೂ ಇಳಿಸಿದೆ, ಅಳತೆ ನೋಡಿ ಬರೆದುಕೊಂಡೆ. ಆಮೇಲೆ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ.