ಕಾಗೆಗೆ ಕೊಟ್ಟ ಮಾತು

ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿರಬಹುದು. ಆದರೆ ಅಮೆರಿಕದ ಸನ್ನಿವೇಲ್‌ನ ಆ ಕಾಗೆಯ ಕತ್ತಿನಲ್ಲಿ ಬೂದು ಬಣ್ಣವಿರಲಿಲ್ಲ, ಅದು ಖಚಿತ. ಮೈಯೆಲ್ಲ ಕಡುಗಪ್ಪು, ನಮ್ಮ ಮೈಸೂರಿನ ಕಾಗೆಗಿಂತ ದಪ್ಪ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಾನಿಟ್ಟ ಅನ್ನದ ಉಂಡೆಯನ್ನು ನೋಡಿತು, ನನ್ನನ್ನು ನೋಡಿತು, ಹಾರಿಹೋಯಿತು.

ಅಮ್ಮ ತೀರಿಕೊಂಡ ಹತ್ತನೆಯ ದಿನ ಅದು. ನಾನು ಊರಿಗೆ ಹೋಗಿರಲಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ನಡುವಿನಲ್ಲಿತ್ತು. ಈಗ ದೇಶ ಬಿಟ್ಟರೆ ಅದು ಬಿದ್ದುಹೋಗುತ್ತದೆ ಎಂದು ವಕೀಲರು ಹೇಳಿದ್ದರು. ಕಾರು ಓಡಿಸಲೂ ಬಾರದು. ಗಂಡ ಫ್ರೀವೇ ಹಿಡಿದು ಆಫೀಸಿಗೆ ಹೋದರೆ ಸಂಜೆಯವರೆಗೆ ಆ ಬಾಲ್ಕನಿಯೇ ನನ್ನ ಊರು.

ಮರುದಿನವಿರಬೇಕು, ಅಣ್ಣ ಫೋನ್ ಮಾಡಿದ. "ನದಿ ಹತ್ರ ಪಿಂಡ ಇಟ್ಟು ಕಾದ್ವಿ ಕಣೇ. ಒಂದು ಕಾಗೇನೂ ಇಳೀಲಿಲ್ಲ. ಕೊನೆಗೆ ಮಾವ ಕೈಮುಗಿದು, 'ಅಕ್ಕಾ, ನಿನ್ ಮಗಳನ್ನ ವಾಪಸ್ ಕರೆಸ್ಕೋತೀವಿ, ಇಲ್ಲೇ ಇರ್ತಾಳೆ' ಅಂದ್ರು. ತಕ್ಷಣ ಬಂದು ಮುಟ್ತು ನೋಡು!"

"ಅದೆಲ್ಲ ಅಲ್ಲಿಯ ಮಾತು, ತಲೆಗೆ ಹಚ್ಕೋಬೇಡ" ಎಂದರು ನನ್ನ ಗಂಡ.

ಪಕ್ಕದ ಮನೆಯ ಮಿಸೆಸ್ ಒಕಾಡ ಜಪಾನಿನವರು. "ಕಾಗೇನೂ ಊಟಕ್ಕೆ ಕರೀತೀಯಾ? ನಮ್ಮಜ್ಜಿ, ಮನೆ ಹತ್ರ ಕಾಗೆ ಕೂಗಿದ್ರೆ ಯಾರೋ ಸಾಯ್ತಾರೆ ಅಂತ ಓಡಿಸ್ತಿದ್ಲು" ಎಂದು ಬಾಲ್ಕನಿಯ ಅನ್ನದ ಉಂಡೆ ನೋಡಿ ನಕ್ಕರು. ಕಾರಣ ಹೇಳಿದೆ. ಅವರ ನಗು ನಿಂತಿತು. ತಮ್ಮ ಊರ ಕಡೆಯ ಕುಮಾನೊ ದೇಗುಲದಲ್ಲಿ ಕಾಗೆ ದೇವರ ದೂತ, ಕಾಡಿನಲ್ಲಿ ದಾರಿ ತಪ್ಪಿದ ರಾಜನಿಗೆ ಮೂರು ಕಾಲಿನ ಕಾಗೆಯೊಂದು ದಾರಿ ತೋರಿಸಿತಂತೆ ಎಂದರು. ನನಗೆ ಹಾಯೆನಿಸಿತು. ಅವರು ಅಷ್ಟಕ್ಕೇ ನಿಲ್ಲಿಸಬಹುದಿತ್ತು.

"ಅಲ್ಲಿ ಕಾಗೆಗಳ ಚಿತ್ರವಿರೋ ಕಾಗದ ಕೊಡ್ತಾರೆ. ಹಿಂದೆಲ್ಲ ಅದರ ಬೆನ್ನಿಗೇ ಆಣೆ ಬರೀತಿದ್ರು. ಮಾತು ಮುರಿದ್ರೆ ಕುಮಾನೊದ ಕಾಗೆಗಳು ಸಾಯ್ತವೆ. ಮುರಿದವನಿಗೂ ಉಳಿಗಾಲವಿಲ್ಲ ಅಂತಿದ್ಲು ಅಜ್ಜಿ."

"ಮಾತು ಕೊಟ್ಟವರು ಬೇರೆ, ಉಳಿಸಿಕೊಳ್ಳಬೇಕಾದವರು ಬೇರೆ ಆದ್ರೆ?"

ಅವರು "ಅದನ್ನು ಅಜ್ಜಿ ಹೇಳಲಿಲ್ಲ" ಎಂದರು.

ಆಮೇಲೆ ಕಾರ್ಡು ಬಂತು, ಮಗಳು ಹುಟ್ಟಿದಳು, ಕಾರು ಕಲಿತೆ. ಊರಿಗೆ ಹೋದಾಗಲೆಲ್ಲ ಮಾವ "ಬಂದೆಯಾ" ಎನ್ನುತ್ತಾರೆ, ಇರಲು ಬಂದವಳನ್ನು ಕೇಳುವಂತೆ. ಇಲ್ಲಿಗೆ ಮರಳುವಾಗ ಸೂಟ್‌ಕೇಸ್ ಮುಚ್ಚುವುದೂ ಮಾತು ಮುರಿದಂತೆಯೇ ಅನ್ನಿಸುತ್ತದೆ.

ಕಾಗೆ ಬಾರದಿದ್ದರೆ ಹೋದವರ ಆಸೆಗಳನ್ನು ಒಂದೊಂದಾಗಿ ಊಹಿಸಿ ಹೇಳುವುದು ನಮ್ಮ ರೂಢಿ. ಅದಕ್ಕೇ ಕಳೆದ ಸಲ ಅಣ್ಣನನ್ನು ಕೇಳಿದೆ.

"ಅಣ್ಣಾ, ಅವತ್ತು ಮಾವ ಬೇರೆ ಏನೇನೋ ಹೇಳಿ ನೋಡಿ ಕೊನೆಗೆ ನನ್ನ ಹೆಸರು ಹೇಳಿದ್ರಾ, ಇಲ್ಲಾ ಮೊದಲೇ ನನ್ನ ಹೆಸರನ್ನೇ ಹೇಳಿಬಿಟ್ರಾ?"