ಜೀಪಿಗೆ ಅಜ್ಜಿ ಕುಡಿಸುತ್ತಿದ್ದ ನೀರು

ಆಗ ಕುರುಗೋಡಿನಲ್ಲಿ ಜೀಪನ್ನೂ ಎತ್ತಿನ ಹಾಗೆಯೇ ಸಾಕುವವರಿದ್ದರು. ನಮ್ಮಜ್ಜಿಯೇ ಒಬ್ಬಳು. ಎತ್ತು ಮಾರಿ ಅಪ್ಪ ಹಳೇ ಜೀಪು ತಂದು ಬಾಡಿಗೆ ಹೊಡೆಯತೊಡಗಿದ ಮೇಲೂ ಅವಳ ಬೆಳಗಿನ ಕೆಲಸ ಬದಲಾಗಲಿಲ್ಲ. ಬಾನೆಟ್ಟಿಗೆ ವಿಭೂತಿ ಹಚ್ಚಿ, ಚೊಂಬಿನಲ್ಲಿ ಬೋರಿನ ನೀರು ತಂದು ರೇಡಿಯೇಟರಿಗೆ ಹೊಯ್ಯುವಳು. "ದುಡಿಯಾಕ ಹೋಗೋದು, ನೀರಡಿಸಿ ಹೋಗಬಾರದು" ಎನ್ನುವಳು. ಅಪ್ಪನಿಗೆ ಚಹಾ ಆಮೇಲೆ.

ಆ ಬೇಸಿಗೆಯಲ್ಲಿ ಸಿರುಗುಪ್ಪದ ಮದುವೆಗೆ ಜನ ತುಂಬಿಕೊಂಡು ಹೊರಟ ಜೀಪು ಅರ್ಧ ದಾರಿಯಲ್ಲಿ ಬುಸುಗುಟ್ಟಿ ನಿಂತಿತು. ಬಾನೆಟ್ಟಿನಿಂದ ಆವಿ, ಸುಟ್ಟ ರಬ್ಬರಿನ ವಾಸನೆ. ಕಾದ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಹಾರುತ್ತದೆಂದು ಅಪ್ಪ ಜೊತೆಗೆ ಹೋಗಿದ್ದ ನನ್ನನ್ನು ಹತ್ತಿರ ಬಿಡಲಿಲ್ಲ. ಮದುವೆಯವರು ಬೈಯುತ್ತ ಬಸ್ಸು ಹತ್ತಿದರು.

ಮರುದಿನ ಬಳ್ಳಾರಿಯ ಗಾಂಧಿನಗರದ ಮೆಕ್ಯಾನಿಕ್ ರೇಡಿಯೇಟರ್ ಬಿಚ್ಚಿದರೆ ಒಳಗೆಲ್ಲ ಬಿಳಿ ಹಕ್ಕಳೆ. "ಬೋರಿನ ನೀರು ಬ್ಯಾಡ್ರಿ. ಇಂಜಿನ್ ತಣ್ಣಗಿಡೋ ಕೂಲೆಂಟ್ ಹಾಕ್ರಿ, ಡಿಸ್ಟಿಲ್ಡ್ ವಾಟರ್ ಕೂಡಿಸಿ. ಇನ್ನೊಮ್ಮಿ ಹಿಂಗ ಕಾದ್ರ ಇಂಜಿನ್ನ ಹೋಗತೈತಿ" ಎಂದ. ಅಲ್ಲಿದ್ದ ಕೂಲೆಂಟ್ ಡಬ್ಬಿಗಳಲ್ಲಿ ಅಪ್ಪ ಚಂದ ಕಂಡ ಕೆಂಪಿನದಕ್ಕೆ ಕೈ ಹಾಕಿದ. "ಬಣ್ಣ ನೋಡಿ ಆರಿಸಬ್ಯಾಡ್ರಿ. ಜೀಪಿನ ಪುಸ್ತಕದಾಗ ಯಾವುದು ಬರದಾರ ಅದನ್ನ ತಗೋರಿ. ಒಂದರಾಗ ಇನ್ನೊಂದು ಬೆರಸಬ್ಯಾಡ್ರಿ." ಕೊನೆಗೆ ಹಸಿರಿನದು ಬಂತು.

ವಾಪಸು ಬರುವಾಗ ಅಪ್ಪ ಜೀಪನ್ನು ನಿಧಾನ ಓಡಿಸಿದ. ಇಂಜಿನ್ ಹೋದರೆ ನಮ್ಮ ಅನ್ನ ಹೋಗುತ್ತಿತ್ತು. ಚೊಂಬು ಬಿಡಿಸಿದರೆ, ಆ ಮನೆಯಲ್ಲಿ ಅಜ್ಜಿಗೆ ಉಳಿದಿದ್ದ ಒಂದೇ ಅಧಿಕಾರ ಹೋಗುತ್ತಿತ್ತು.

ಬೆಳಿಗ್ಗೆ ಅವಳು ಎಂದಿನಂತೆ ಚೊಂಬು ಹಿಡಿದು ಬಂದಳು.

"ಅವ್ವಾ, ಇನ್ನ ನೀರು ಬ್ಯಾಡ."

"ಯಾಕಲೇ? ನನ್ನ ಕೈನೀರು ಕೆಟ್ಟಾವೇನು?"

ಅಪ್ಪ ಅವಳನ್ನು ಬಚ್ಚಲಿಗೆ ಕರೆದೊಯ್ದು ಹಂಡೆಯೊಳಗಿನ ಬಿಳಿ ಹಕ್ಕಳೆ ತೋರಿಸಿದ. "ಇದ ಅದರ ಹೊಟ್ಟ್ಯಾಗೂ ಕುಂತೈತಿ."

"ಹುಣಸಿಹಣ್ಣು ಹಾಕಿ ತಿಕ್ಕಿದ್ರ ಹೋಗಂಗಿಲ್ಲೇನು?" ಎಂದಳು. ಅಪ್ಪ ನಕ್ಕ, ಅವಳು ನಗಲಿಲ್ಲ. ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು.

ಅಪ್ಪ ಬಾನೆಟ್ ಎತ್ತಿ, ರೇಡಿಯೇಟರಿನ ಪಕ್ಕದ ಪ್ಲಾಸ್ಟಿಕ್ ಬಾಟಲಿಯ ಮೇಲಿನ ಎರಡು ಗೆರೆ ತೋರಿಸಿದ. "ಈ ಎರಡು ಗೆರಿ ನಡುವ ಹಸಿರು ನೀರು ಐತೋ ಇಲ್ಲೋ, ದಿನಾ ನೀನ ನೋಡಬೇಕು. ನೀ ಹೂಂ ಅಂದ ಮ್ಯಾಲೆ ನಾ ಹೊರಡೋದು."

ಅಂದಿನಿಂದ ಅಜ್ಜಿ ಸೊಂಟ ಹಿಡಿದು ಬಗ್ಗಿ, ನಿಧಾನವಾಗಿ ನೋಡಿ, "ಹೂಂ, ಹೋಗಿ ಬಾ" ಎನ್ನುವಳು. ಬಾಡಿಗೆಯವರು ಎಷ್ಟೇ ಅವಸರ ಮಾಡಲಿ, ಅಲ್ಲಿಯವರೆಗೆ ಅಪ್ಪ ಕೀಲಿ ತಿರುಗಿಸುತ್ತಿರಲಿಲ್ಲ.

ಈಗ ಅಜ್ಜಿಯಿಲ್ಲ. ಬಳ್ಳಾರಿಯ ಪಾರ್ವತಿನಗರದಲ್ಲಿ ನನ್ನ ಮನೆ, ನನಗೊಂದು ಕಾರಿದೆ. ಕೂಲೆಂಟ್ ಸರ್ವಿಸಿನವರೇ ತುಂಬುತ್ತಾರೆ. ಅದು ಒಮ್ಮೆಯೂ ಕಾದು ನಿಂತಿಲ್ಲ. ನಾನು ಯಾರನ್ನೂ ಕೇಳದೆ ಹೊರಟುಬಿಡುತ್ತೇನೆ, ಕೇಳೋಣವೆಂದರೆ ಬಾಗಿಲಲ್ಲಿ ಯಾರೂ ಇರುವುದಿಲ್ಲ.