ಅರ್ಧ ದಾರಿಗೆ ತಿರುಗಿದ ವಿಮಾನ

ಬೈಲಹೊಂಗಲದ ನಮ್ಮ ಮನೆಯ ಕಟ್ಟೆಯ ಮೇಲೆ ಆ ಸಂಜೆ ಎಲೆ-ಅಡಿಕೆ ಚೀಲ ಹಿಡಿದ ಅಜ್ಜ, ಗೋಡೆಗೆ ಒರಗಿದ ಅಪ್ಪ, ಸವದತ್ತಿಯಿಂದ ಬಂದಿದ್ದ ಸೋದರಮಾವ ಕೂತಿದ್ದರು. ವಿಮಾನ ಹಾರಿಸುವುದನ್ನು ಕಲಿಯಲು ಪರರಾಜ್ಯಕ್ಕೆ ಹೋಗಿದ್ದ ನಾನು ರಜೆಗೆ ಬಂದಿದ್ದೆ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಕಿವಿ ಮಾತ್ರ ಹೊರಗಿತ್ತು. ಊರಿಗೆ ಮೊಬೈಲ್ ಆಗಷ್ಟೇ ಬಂದಿದ್ದ ಕಾಲ ಅದು.

"ಇಷ್ಟ ದಿನಾ ಏನ್ ಕಲತಿ, ಹೇಳವಾ," ಅಂದ ಮಾವ.

ನಾನು ಹಿಗ್ಗಿನಿಂದ ಮೋಡದ ಪಾಠಕ್ಕೇ ಕೈ ಹಾಕಿದೆ. ಅರಳೆಯಂಥ ಮೋಡ ಬಡಪಾಯಿ. ಗುಡ್ಡದ ಹಾಗೆ ಬೆಳೆದು, ಕಂಬಾರನ ಅಡಿಗಲ್ಲಿನಂತೆ ತಲೆ ಚಪ್ಪಟೆ ಮಾಡಿಕೊಂಡು ನಿಲ್ಲುತ್ತದಲ್ಲ, ಅದರ ಸನಿಹ ಸುಳಿಯಬಾರದು. ಅದರ ಹೊಟ್ಟೆಯಲ್ಲಿ ಗಾಳಿ ಮೇಲಕ್ಕೂ ಕೆಳಕ್ಕೂ ಒಟ್ಟಿಗೇ ಓಡುತ್ತದೆ, ವಿಮಾನವನ್ನು ಮೊರದೊಳಗಿನ ಜೋಳದಂತೆ ಕೇರಿಬಿಡುತ್ತದೆ. ಮೊದಲ ಸಲ ನನ್ನೊಬ್ಬಳನ್ನೇ ಬೇರೆ ಊರಿಗೆ ಹಾರಲು ಕಳಿಸಿದಾಗ ನಡುದಾರಿಯಲ್ಲಿ ಅಂಥದೇ ಮೋಡ ಎದ್ದಿತ್ತು. ನಾನು ವಿಮಾನ ತಿರುಗಿಸಿದೆ. ಬೈಯುವುದಕ್ಕಷ್ಟೇ ಬಾಯಿ ತೆರೆಯುತ್ತಿದ್ದ ನಮ್ಮ ಮಾಸ್ತರರು ಎಲ್ಲರೆದುರು, ಇವತ್ತು ನೀನು ಪೈಲಟ್ ಆದೆ ಅಂದಿದ್ದರು. ಆ ಮಾತನ್ನು ಉಡಿಯಲ್ಲಿ ಕಟ್ಟಿಕೊಂಡು ಊರಿಗೆ ಬಂದಿದ್ದೆ.

"ಅಂದ್ರ, ಹೋಗಬೇಕಾದ ಊರು ಮುಟ್ಟಲಿಲ್ಲ?" ಅಜ್ಜ ಕೇಳಿದ.

"ಇಲ್ಲಜ್ಜಾ."

ನಮ್ಮ ಮನೆತನದಲ್ಲಿ ಒಂದು ಕಟ್ಟುಪಾಡು ಇತ್ತು. ಹಿಂಗಾರಿ ಬಿತ್ತಿಗೆಗೆ ಕೂರಿಗೆ ತೊಳೆದು, ಅರಿಷಿಣದ ಭಂಡಾರ ಹಚ್ಚಿ, ಕಾಯಿ ಒಡೆದು ಹೊರಗೆ ಒಯ್ದರೆ, ಮಣ್ಣಿಗೆ ಬೀಜ ಬೀಳದೆ ಅದು ಮನೆಗೆ ಮರಳಬಾರದು. ಮಳೆ ಹಿಡಿದರೂ ಕೆಸರಲ್ಲೇ ನಾಲ್ಕು ಸಾಲು ಎಳೆದು ಬರಬೇಕು. ನನ್ನ ವಿಮಾನವನ್ನೂ ಅವರು ಅದೇ ಕಣ್ಣಿನಿಂದ ನೋಡಿದರು.

"ಮೋಡಕ್ಕ ಅಂಜಿ ಮನಿಗೆ ಓಡೂದನ್ನ ಕಲಿಯಾಕ ಅಷ್ಟು ದೂರ ಹೋಗಬೇಕಿತ್ತೇನು? ನಮ್ಮ ಎಮ್ಮಿ ಕಲೀದನ ಮಾಡತೈತಿ," ಅಂದ ಮಾವ. ಒಳಗೆ ಅವ್ವ ನಕ್ಕಳು. ಅದು ಇವತ್ತಿಗೂ ಚುಚ್ಚುತ್ತದೆ.

"ಮಾವಾರ, ತಿರುಗಿ ಬರೂದನ್ನ ಕಲಸಾಕನ ಆ ಪಾಠ ಐತ್ರಿ. ಆ ಮೋಡದಾಗ ಹೊಕ್ಕಿದ್ರ ಈಗ ನಾ ಇಲ್ಲಿ ಕುಂಡ್ರತಿದ್ದಿಲ್ಲ."

"ಅರ್ಧಾ ದಾರಿಗೆ ತಿರುಗಿ ಬಂದಾಕಿ ಅಂತ ಊರು ಆಡಿಕೋತೈತಿ. ಸಾಕಿನ್ನ," ಅಂದ ಅಪ್ಪ, ನನ್ನ ಮುಖ ನೋಡದೆ.

ರಜೆ ಮುಗಿಯಿತು, ನನ್ನನ್ನು ಕಳಿಸಲಿಲ್ಲ. ಮೋಡ ಸೀಳಿಕೊಂಡು ಹೋದೆ ಎಂದು ಸುಳ್ಳು ಹೇಳಿದ್ದರೆ ಹೆಗಲ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದರೇನೋ. ನನಗೆ ಮಾತು ಕಲಿಸಿದವರೇ ಅವರು. ನಾನು ಕಲಿತು ಬಂದ ಒಂದೇ ಒಂದು ಮಾತು ಅವರ ಕಿವಿಗೆ ಇಳಿಯಲಿಲ್ಲ.

ಆ ಚಳಿಗಾಲದಲ್ಲೇ ನನ್ನನ್ನು ರಾಮದುರ್ಗದ ಕಡೆ ಕಟಕೋಳಕ್ಕೆ ಮದುವೆ ಮಾಡಿ ಕೊಟ್ಟರು. ಮರುವರ್ಷ ಹಿಂಗಾರಿ ಹೊತ್ತಿಗೆ ತವರಿಗೆ ಬಂದಿದ್ದೆ. ಅಪ್ಪ ಪೂಜೆ ಮಾಡಿದ ಕೂರಿಗೆಯನ್ನು ಮಧ್ಯಾಹ್ನ ಹೊಲಕ್ಕೆ ಒಯ್ದಿದ್ದ. ಅವನು ಹೊಲ ಮುಟ್ಟುವ ಹೊತ್ತಿಗೇ ತೆಂಕಣ ದಿಕ್ಕಿಗೆ ತಲೆ ಚಪ್ಪಟೆ ಮೋಡ ಎದ್ದು ಗುಡುಗತೊಡಗಿತು. ಹನಿ ಬೀಳುವ ಮೊದಲೇ ಅಪ್ಪನ ಎತ್ತಿನ ಚಕ್ಕಡಿ ಬಾಗಿಲಿಗೆ ಬಂದು ನಿಂತಿತು. ನೆಲಕ್ಕಿಳಿಯುವ ಕೂರಿಗೆಯ ತಾಳುಗಳಿಗೆ ಮಣ್ಣು ಹತ್ತಿರಲಿಲ್ಲ. ಬೀಜದ ಚೀಲದ ಬಾಯಿ ಕಟ್ಟಿದಂತೆಯೇ ಇತ್ತು.

ಅಜ್ಜ ಕಟ್ಟೆಯ ಮೇಲೆ ಸರಿದು ಅಪ್ಪನಿಗೆ ಜಾಗ ಮಾಡಿದ.

"ಸಿಡಿಲ ಭಾಳ ಐತಿ, ಚಲೋ ಮಾಡಿದಿ," ಅಂದ. ನನ್ನ ಕಡೆ ತಿರುಗಿ, "ನಿಮ್ಮಪ್ಪಗ ನೀರು ಕೊಡವಾ," ಅಂದ.

ನಾನು ತಂಬಿಗೆ ತಂದು ಕೊಟ್ಟೆ.